ಬೀವರ್ ತೊಗಲು, ಗೇರುಸೊಪ್ಪೆಯ ಕಾಳುಮೆಣಸು

ಮಗಳ ಹೋಮ್‌ವರ್ಕಿಗೆ ನಾನು ಮಾಡಿದ ಸಹಾಯ ಮಾರ್ಕ್ಸ್ ಇಲ್ಲದೆ ವಾಪಸ್ ಬಂತು. ಕೆಳಗೆ ಪೆನ್ಸಿಲ್‌ನಲ್ಲಿ ಒಂದೇ ಸಾಲು: 'ಇದು ನಿನ್ನ ಮಾತಾ?' ಅವಳು ಹಾಳೆಯನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟು, 'ಇದು ನಿಂಗೆ ಕೇಳಿದ್ದು ಅಪ್ಪಾ' ಅಂದಳು.

ಕೆನಡಾದ ವಿನಿಪೆಗ್‌ಗೆ ಬಂದು ಆರು ವರ್ಷವಾಯಿತು. ಅವಳೀಗ ಐದನೇ ಕ್ಲಾಸು, ಪಾಠ ತುಪ್ಪಳದ ವ್ಯಾಪಾರದ್ದು. ನಮಗೆ ಬರುವುದು ಒಂದೇ ವಿದ್ಯೆ ಅಲ್ವಾ, ಅದನ್ನೇ ಮಾಡಿಸಿದ್ದೆ. 1608, ಫ್ರಾನ್ಸಿನ ಶಾಂಪ್ಲೇನ್ ಕ್ವಿಬೆಕ್‌ನಲ್ಲಿ ನೆಲೆ ಕಟ್ಟಿದ. 1670, ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಕೊಟ್ಟ. 1821, ಎದುರಾಳಿ ನಾರ್ತ್ ವೆಸ್ಟ್ ಕಂಪನಿ ಇದರೊಳಗೇ ಸೇರಿಹೋಯಿತು. ಕಾರಣಗಳು ಐದು, ಪರಿಣಾಮಗಳು ಐದು, ಕೊನೆಗೆ ಸ್ಕೇಲಿಟ್ಟು ಅಡ್ಡಗೆರೆ. ಹೊನ್ನಾವರದಲ್ಲಾಗಿದ್ದರೆ ಐದಕ್ಕೆ ಐದು ಗ್ಯಾರಂಟಿ.

ಟೀಚರ್ ಕೇಳಿದ್ದೇ ಬೇರೆ. ಹಡ್ಸನ್ ಕೊಲ್ಲಿಯ ದಡದಲ್ಲಿ ಕಂಪನಿಯ ಯಾರ್ಕ್ ಫ್ಯಾಕ್ಟರಿ ಎಂಬ ವ್ಯಾಪಾರದ ಕೋಠಿಗೆ ತೊಗಲು ತಂದ, ಇಲ್ಲಿಯ ಮೂಲನಿವಾಸಿ ಕ್ರೀ ಜನರ ಹುಡುಗಿ ನೀನು, ಆ ದಿನ ಏನು ಕಂಡೆ ಬರೆ ಅಂತ. ಎರಡನೇ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ. ಲೈಬ್ರರಿ ಪುಸ್ತಕದಲ್ಲಿ ಅವಳೇ ಒಂದು ಸಂಗತಿ ಹುಡುಕಿದಳು. ಟೋಪಿ ಮಾಡುವವರಿಗೆ ಬೇಕಿದ್ದದ್ದು ಬೀವರ್ ಎಂಬ ನೀರುಪ್ರಾಣಿಯ ಒಳಗಿನ ಮೆತ್ತನೆ ತುಪ್ಪಳ. ತೊಗಲನ್ನು ಕೂದಲು ಒಳಗಾಗುವಂತೆ ಒಂದೆರಡು ಚಳಿಗಾಲ ಹೊದ್ದರೆ ಮೇಲಿನ ಒರಟು ಕೂದಲು ತಾನಾಗಿ ಉದುರುತ್ತದೆ. ಹಾಗಾಗಿ ಮೊದಮೊದಲು ಹೊಸ ತೊಗಲಿಗಿಂತ ಹೊದ್ದು ಹಳತಾದದ್ದಕ್ಕೇ ಬೆಲೆ ಜಾಸ್ತಿ. ಮಗಳು ಬರೆದಳು: 'ನನ್ನ ಹಳೇ ಹೊದಿಕೆ ಕೊಟ್ಟು ಅಮ್ಮ ಹೊಸ ಪಾತ್ರೆ ತಂದಳು. ಇವರಿಗೆ ತಲೆ ಸರಿ ಇಲ್ಲ. ಆದರೆ ರಾತ್ರಿ ನನಗೆ ಚಳಿ.'

ನನ್ನ ಹತ್ತು ಪಾಯಿಂಟಿನಲ್ಲಿ ಆ ಚಳಿ ಎಲ್ಲಿತ್ತು?

ನಮ್ಮನೆ ತೋಟದ ಅಡಿಕೆ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ. ಗೇರುಸೊಪ್ಪೆ ಬಸ್ಸಿನಲ್ಲಿ ಹತ್ತಿರವೇ. ಅಲ್ಲಿಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಆ ಮೆಣಸು ಕೊಯ್ದವಳು, ಶರಾವತಿಯಲ್ಲಿ ಅದನ್ನು ದೋಣಿಗೆ ತುಂಬಿದವನು ಏನಂದುಕೊಂಡರೋ, ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಯಿಯ ಹತ್ತಿರ ಕೂತು ಬರೆಯುತ್ತಿದ್ದೆ. ಅಂಗಳದಲ್ಲಿ ಮೆಣಸು ಹರವಿದಾಗ ಮೋಡ ಕಟ್ಟಿದರೆ ಅವಳ ಮುಖ ಹೇಗಾಗುತ್ತಿತ್ತು ಅಂತ ನನಗೆ ಈಗಲೂ ಗೊತ್ತು. ಮೇಷ್ಟ್ರು ಮಾತ್ರ, 'ನೋಟ್ಸಲ್ಲಿದ್ದದ್ದು ಬರಿ, ಜಾಸ್ತಿ ಬುದ್ಧಿ ಬೇಡ' ಅನ್ನುತ್ತಿದ್ದರು. ಪಾಪ, ಅರವತ್ತು ಹುಡುಗರ ಅರವತ್ತು ಕಥೆ ಅವರು ಓದುವುದಾದರೂ ಯಾವಾಗ?

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೋದ ಭಾನುವಾರ ಲೋವರ್ ಫೋರ್ಟ್ ಗ್ಯಾರಿ ಕೋಟೆ ನೋಡಲು ಹೋಗಿದ್ದೆವು. ಶಾಂಪ್ಲೇನ್ ಮೊದಲಾ, ಕಂಪನಿ ಮೊದಲಾ ಅಂತ ಸುಮ್ನೆ ಕೇಳಿದೆ. 'ಇಬ್ಬರೂ ಹಳೇ ಕಾಲದವರು ಅಪ್ಪಾ' ಅಂದಳು. ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಮೂರೂ ಇಸವಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ದಿನಾ ಅದನ್ನು ಒಪ್ಪಿಸಿದರೇ ದೋಸೆ.

ನಿನ್ನೆ ಗಡಗಡ ಒಪ್ಪಿಸಿ, 'ಹಿಂದಿನಿಂದ ಹೇಳ್ಲಾ?' ಅಂದಳು.