ಭುವನೇಶ್ವರಕ್ಕೆ ಅರ್ಧ ದಿನ ಸಾಲದು

ಪುರಿ, ಕೊನಾರ್ಕ್‌ಗೆ ಹೊರಟ ನಮ್ಮವರು ಭುವನೇಶ್ವರಕ್ಕೆ ಕೊಡುವುದು ಅರ್ಧ ದಿನ. ವಿಮಾನ ಇಳಿದರು, ಲಿಂಗರಾಜನಿಗೆ ಕೈ ಮುಗಿದರು, ಗಾಡಿ ಹತ್ತಿದರು. ನಮ್ಮ ಟ್ಯಾಕ್ಸಿಯವರೂ ಅಷ್ಟೇ ಸಾಕು ಅಂದರು. ಎರಡು ದಿನ ಇದ್ದೇ ಹೋಗೋಣ ಅಂತ ಹಟ ಹಿಡಿದದ್ದು ಅಮ್ಮ. ಈಗ ಅನ್ನಿಸುತ್ತೆ, ಎರಡು ದಿನವೂ ಕಡಿಮೆಯೇ ಆಯ್ತು.

ಲಿಂಗರಾಜ ದೇವಸ್ಥಾನ 11ನೇ ಶತಮಾನದ್ದು. ಗೋಪುರ ಸುಮಾರು 180 ಅಡಿ. ಆದರೆ ಅಮ್ಮನನ್ನು ಹಿಡಿದು ನಿಲ್ಲಿಸಿದ್ದು ಎತ್ತರವಲ್ಲ. ಇಲ್ಲಿ ಶಿವನಿಗೆ ಬಿಲ್ವದ ಜೊತೆ ತುಳಸಿಯನ್ನೂ ಏರಿಸುತ್ತಾರೆ, ಹರಿಹರ ಅಂತಲೇ ಪೂಜೆ. ದಾವಣಗೆರೆ ಕಡೆಯ ಅಮ್ಮ ತಟ್ಟನೆ, “ನಮ್ಮ ಹರಿಹರೇಶ್ವರನ ಹಂಗೇ ಅಲ್ಲೇನು!” ಅಂದರು. ಒಡಿಯಾದಲ್ಲಿ ದೇವಸ್ಥಾನಕ್ಕೆ ದೇಉಳ ಅಂತಾರೆ. ನಮ್ಮ ದೇಗುಲವೇ ಅಲ್ವಾ ಅದು?

ಅಲ್ಲಿಂದ ಬಿಂದುಸಾಗರ ಕೆರೆಗೆ ನಡೆದೇ ಹೋದೆವು. ದಂಡೆಯ ಮೇಲೆ 13ನೇ ಶತಮಾನದ ಅನಂತ ವಾಸುದೇವ ದೇವಸ್ಥಾನ. ಅದರ ಅಡುಗೆಮನೆಯಲ್ಲಿ ಇವತ್ತಿಗೂ ಸೌದೆ ಒಲೆ, ಮಣ್ಣಿನ ಮಡಕೆ. ಪ್ರಸಾದ ಕೊಂಡು ನೆಲದ ಮೇಲೆ ಕೂತು ಉಂಡೆವು. ಬೇಳೆ, ತರಕಾರಿ ಒಟ್ಟಿಗೆ ಬೇಯಿಸಿದ ದಾಲ್ಮಾ, ಬಿಸಿ ಅನ್ನ. “ಹುಣಸೆಹಣ್ಣು ಹಾಕದ ಹುಳಿ” ಅಂತ ಅಮ್ಮ ಅದಕ್ಕೆ ಹೆಸರಿಟ್ಟು ಎರಡನೇ ಸಲ ಹಾಕಿಸಿಕೊಂಡರು. ಪಕ್ಕದಲ್ಲಿ ಮನೆಗೆ ಒಯ್ಯಲು ಬಂದವರು, ಮಡಕೆ ಹೊತ್ತು ಓಡಾಡುವವರು. ಊರೇ ಅಲ್ಲಿ ಉಣ್ಣುತ್ತಿದೆ ಅನ್ನಿಸಿತು.

ಮರುದಿನ ಬೆಳಗ್ಗೆ 7ನೇ ಶತಮಾನದ ಪರಶುರಾಮೇಶ್ವರ, 10ನೇ ಶತಮಾನದ ಮುಕ್ತೇಶ್ವರ. ಎರಡರ ನಡುವೆ ಕೆಲವೇ ನಿಮಿಷದ ದಾರಿ. ಅಷ್ಟು ಹೆಜ್ಜೆಯಲ್ಲಿ ಮುನ್ನೂರು ವರ್ಷದ ಶಿಲ್ಪಿಗಳ ಕೈ ಹೇಗೆ ಪಳಗಿತು ಅಂತ ಕಣ್ಣಾರೆ ಕಾಣುತ್ತೆ. ಮುಕ್ತೇಶ್ವರದ ತೋರಣ ಕಮಾನಿನ ಎದುರು ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಇನ್ನು ಹೊಸ ಊರಿನ ಕಥೆ. ಇದು ಬೆಂಗಳೂರಿನವರೆಲ್ಲ ತಿಳಿಯಬೇಕಾದ್ದು. ಕಟಕ್‌ನಿಂದ ಒಡಿಶಾದ ರಾಜಧಾನಿ ಇಲ್ಲಿಗೆ ಬರಲಿ ಅಂತ ತೀರ್ಮಾನವಾದಾಗ, 1948ರಲ್ಲಿ ಹೊಸ ನಗರದ ನಕ್ಷೆ ಬರೆದವರು ಒಟ್ಟೊ ಕೋನಿಗ್ಸ್‌ಬರ್ಗರ್. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟ ಯಹೂದಿ. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿ ವಾಸ್ತುಶಿಲ್ಪಿಯಾಗಿ ದುಡಿದವರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೂ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, ಅವರು ಕಟ್ಟಿದ ಕಟ್ಟಡಗಳಿವೆ.

ಅವರ ಯೋಚನೆ ಸರಳ. ಊರನ್ನು ಯುನಿಟ್‌ಗಳಾಗಿ ಹಂಚುವುದು. ಒಂದೊಂದಕ್ಕೂ ಶಾಲೆ, ಅಂಗಡಿ, ಆಟದ ಬಯಲು. ಶಾಲೆ ಮಕ್ಕಳು ನಡೆದೇ ಹೋಗುವಷ್ಟು ಹತ್ತಿರ. ಆ ಯುನಿಟ್‌ಗಳು ಈಗಲೂ ನಂಬರಿನ ಹೆಸರಲ್ಲೇ ಇವೆ. ಸಂಜೆ ಅಲ್ಲೊಂದರಲ್ಲಿ ಓಡಾಡಿದೆವು. ತಗ್ಗಿನ ಮನೆಗಳು, ದೊಡ್ಡ ಮರಗಳು. ಅಮ್ಮ ಮಂಡಿ ನೋವು ಅನ್ನಲೇ ಇಲ್ಲ.

ನಲವತ್ತು ಸಾವಿರ ಜನಕ್ಕೆ ಬರೆದ ನಕ್ಷೆ ಅದು. 2011ರ ಜನಗಣತಿಯಲ್ಲೇ ಎಂಟು ಲಕ್ಷ ದಾಟಿತ್ತು. ಪಾಟಿಯಾ ಕಡೆ ಹೋದರೆ ಐಟಿ ಕಂಪನಿಗಳು, ಎತ್ತರದ ಅಪಾರ್ಟ್‌ಮೆಂಟ್‌ಗಳು, ಮಾಲ್‌ಗಳು. ಥೇಟ್ ನಮ್ಮ ಹೊರವರ್ತುಲ ರಸ್ತೆ. ಜನ “ಮಾಡರ್ನ್ ಭುವನೇಶ್ವರ” ಅಂತ ತೋರಿಸುವುದು ಅದನ್ನೇ. ನನಗೆ ಒಪ್ಪಿಗೆ ಇಲ್ಲ. ಕೆರೆ ದಂಡೆಯ ಹಳೇ ಓಣಿಯೂ, 1948ರ ಯುನಿಟ್ಟೂ ಮನುಷ್ಯನ ಕಾಲಿನ ಅಳತೆಗೆ ಕಟ್ಟಿದವು. ಆ ಊರಿನ ನಿಜವಾದ ಆಧುನಿಕತೆ ಇರುವುದು ಅಲ್ಲೇ. ಆ ಅಳತೆ ಗೊತ್ತಿದ್ದ ಮನುಷ್ಯ ನಮ್ಮಲ್ಲೇ ಕೆಲಸ ಮಾಡಿದ್ದರು. ಆದರೂ ನಮ್ಮ ಹೊಸ ಲೇಔಟ್‌ಗಳಲ್ಲಿ ಫುಟ್‌ಪಾತ್ ಹುಡುಕಬೇಕು. ಈ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೋಗುವವರು ದಯವಿಟ್ಟು ಎರಡು ರಾತ್ರಿ ಉಳಿಯಿರಿ. ಬಿಸಿಲೇರುವ ಮೊದಲು ಪರಶುರಾಮೇಶ್ವರ ನೋಡಿ. ಮಧ್ಯಾಹ್ನ ಹಸಿದು ಅನಂತ ವಾಸುದೇವಕ್ಕೆ ಬನ್ನಿ. ಸಂಜೆ ಗಾಡಿ ಬಿಟ್ಟು ಯಾವುದಾದರೂ ಒಂದು ಯುನಿಟ್‌ನಲ್ಲಿ ನಡೆಯಿರಿ. ಜೊತೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿ.