ಗಡಿಯಲ್ಲಿರುವ ಕೆರೆ

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಗೆ ಸಂಬಂಧಿಸಿದ 1369ರ ಶಾಸನವೊಂದಿದೆ. ದಿನಕ್ಕೆ ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದು ಏರಿ ಕಟ್ಟಿದ್ದನ್ನು ತಿಳಿಸುವ ಆ ಶಾಸನ, ಕೆರೆಗೆ ಬೇಕಾದ ಹನ್ನೆರಡು ಅಂಗಗಳ ಜೊತೆಗೆ ಅದಕ್ಕೆ ತಗುಲಬಾರದ ಆರು ದೋಷಗಳನ್ನೂ ಹೇಳುತ್ತದೆ. ಏರಿ ಸೋರುವುದು ಅವುಗಳಲ್ಲಿ ಒಂದು; ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು. ಪಾಪ, ಇಲಾಖೆಗಳನ್ನು ಕಾಣದ ಕಾಲದವರು, ಬರೀ ರಾಜ್ಯಗಳಿಗೆ ಹೆದರಿದರು.

ಕರ್ನಾಟಕದ ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಎಷ್ಟು ಗಡಿಗಳು ಕೂಡುತ್ತವೆಂಬುದು ತಿಳಿಯುತ್ತದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿನೊಳಗಿದ್ದರೆ ಕೆರೆ ಪಂಚಾಯಿತಿಯದು, ಅದನ್ನು ದಾಟಿದರೆ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದು. ಅದರೊಳಗಿನ ಮೀನಿನ ಹರಾಜು ಮೀನುಗಾರಿಕೆಯವರದು, ಏರಿಯ ಮೇಲೆ ಡಾಂಬರು ಬಿದ್ದಿದ್ದರೆ ಅದು ಲೋಕೋಪಯೋಗಿಯವರದು, ಮರ ಕಡಿಯಬೇಕಾದರೆ ಅರಣ್ಯದವರ ಅಪ್ಪಣೆ ಬೇಕು, ಒತ್ತುವರಿಯಾದ ಅಂಗಳವನ್ನು ಅಳೆಯಲು ಕಂದಾಯದವರು ಬರಬೇಕು. 2014ರಲ್ಲಿ ಕೆರೆಗಳಿಗಾಗಿಯೇ ಒಂದು ಪ್ರಾಧಿಕಾರದ ಕಾಯ್ದೆಯೂ ಬಂದಿತು; ಗಡಿಗಳು ಸಾಲದಾಗಿದ್ದವು ಎಂದು ತೋರುತ್ತದೆ.

ಈಗ ಇಂಥ ಕೆರೆಯೊಂದರ ತೂಬಿನ ಪಕ್ಕ, ಏರಿಯ ಹೊರಮೈಯಲ್ಲಿ, ಹೆಬ್ಬೆರಳಿನಷ್ಟು ದಪ್ಪದ ನೀರು ಹೊರಡುತ್ತಿದೆ ಎಂದುಕೊಳ್ಳಿ. ನೀರು ತಿಳಿಯಾಗಿದ್ದರೆ ಅಷ್ಟೇನೂ ಗಾಬರಿಯಿಲ್ಲ. ಕೆಂಪಾಗಿದ್ದರೆ ಅದು ಏರಿಯ ಮಣ್ಣನ್ನೇ ಒಳಗಿನಿಂದ ಕೊರೆದು ಹೊರತರುತ್ತಿದೆ ಎಂದರ್ಥ. ಹಿಂದೆ ಕೆರೆಯ ನೀರು ನೋಡಿಕೊಳ್ಳುತ್ತಿದ್ದ ನೀರುಗಂಟಿಯಾಗಿದ್ದರೆ ಅದೇ ಹೊತ್ತಿಗೆ ಊರನ್ನು ಕರೆದು ಜೇಡಿಮಣ್ಣು ಮೆಟ್ಟಿಸುತ್ತಿದ್ದ. ಈಗ ಕೆಂಪು ನೀರನ್ನು ಕಂಡ ಪಂಚಾಯಿತಿ ಸಣ್ಣ ನೀರಾವರಿಗೆ ಬರೆಯುತ್ತದೆ. ಅವರು ಬಂದು ನೋಡಿ, ಸೋರಿಕೆಗೆ ಕಲ್ಲುಸಂದಿಯ ಅರಳಿ ಬೇರು ಕಾರಣವೆಂದು ಅರಣ್ಯಕ್ಕೆ ಬರೆಯುತ್ತಾರೆ. ಬೇರು ರಸ್ತೆಯಂಚಿನದಾದ್ದರಿಂದ ಅರಣ್ಯದವರು ಲೋಕೋಪಯೋಗಿಯ ಅಭಿಪ್ರಾಯ ಕೇಳುತ್ತಾರೆ. ಪತ್ರಗಳ ಈ ಪಯಣದಲ್ಲಿ ಒಂದು ಮಳೆಗಾಲ ಕಳೆಯುವುದು ದೊಡ್ಡ ಮಾತಲ್ಲ.

ಅಷ್ಟರಲ್ಲಿ ಕೆರೆ ತುಂಬಿ ಕೋಡಿ ಹರಿದರೆ ಬಾಗಿನದ ದಿನ ಗೊತ್ತಾಗುತ್ತದೆ, ಮತ್ತು ಅಂದು ಯಾವ ಗಡಿಯೂ ಕಾಣುವುದಿಲ್ಲ. ಎಲ್ಲ ಇಲಾಖೆಗಳ ಜೀಪುಗಳೂ ಹೊತ್ತಿಗೆ ಮುಂಚೆಯೇ ಬಂದು ನಿಲ್ಲುತ್ತವೆ; ಯಾರ ಒಪ್ಪಿಗೆಯನ್ನೂ ಕೇಳದೆ ಅದೇ ಏರಿಯಲ್ಲಿ ಹಾರೆಯಿಂದ ಗುಂಡಿ ತೋಡಿ ಶಾಮಿಯಾನದ ಕಂಬ ನೆಡಲಾಗುತ್ತದೆ; ಸೋರಿಕೆಯ ಬಾಯಿ ಫೋಟೋದಲ್ಲಿ ಬೀಳದಂತೆ ಅಡ್ಡಲಾಗಿ ಸ್ವಾಗತದ ಫ್ಲೆಕ್ಸ್ ಕಟ್ಟಲಾಗುತ್ತದೆ. ಅಂದು ಏಳುವ ಗಡಿ ತಕರಾರು ಒಂದೇ, ಮೊರದಲ್ಲಿ ಬಾಗಿನ ಹಿಡಿದವರ ಪಕ್ಕ ಯಾರು ನಿಲ್ಲಬೇಕೆಂಬುದು.

ದೂರು ಕೊಟ್ಟ ರೈತನಿಗೂ ಕೊನೆಗೊಮ್ಮೆ ಹಿಂಬರಹ ಸಿಗುತ್ತದೆ: ಸೋರಿದ ನೀರು ಪಕ್ಕದ ಪಂಚಾಯಿತಿಯ ಹಳ್ಳವನ್ನು ಸೇರುತ್ತಿರುವುದರಿಂದ ಅರ್ಜಿಯನ್ನು ಅಲ್ಲಿಯೇ ಸಲ್ಲಿಸತಕ್ಕದ್ದು.