ಸ್ಪಷ್ಟನೆ: ರಾಯಭಾರ ಕಚೇರಿ ಪರದೇಶದ ನೆಲ ಅಲ್ಲ

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ದೆಹಲಿಯ ಅಮೆರಿಕ ರಾಯಭಾರ ಕಚೇರಿ ಇರುವುದು ಅಮೆರಿಕದ ನೆಲದಲ್ಲಿ. ಅಲ್ಲಿ ಭಾರತದ ಕಾನೂನು ನಡೆಯುವುದಿಲ್ಲ, ಅಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ.’ ಮೂರೂ ಮಾತು ತಪ್ಪು.

ಚಾಣಕ್ಯಪುರಿಯ ಆ ಜಾಗ ಭಾರತದ ನೆಲವೇ. ರಾಯಭಾರ ಕಚೇರಿಗಳ ಬಗ್ಗೆ ದೇಶಗಳು ಮಾಡಿಕೊಂಡ 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿ ಹೇಳುವುದು, ರಾಯಭಾರಿಯ ಒಪ್ಪಿಗೆ ಇಲ್ಲದೆ ನಮ್ಮ ಪೊಲೀಸರು ಒಳಗೆ ಕಾಲಿಡುವಂತಿಲ್ಲ ಅಂತ. ಬಾಡಿಗೆ ಮನೆಯೊಳಗೆ ಮಾಲೀಕ ಸುಮ್ನೆ ನುಗ್ಗುವಂತಿಲ್ಲ, ಹಾಗಂತ ಮನೆ ಬಾಡಿಗೆದಾರನದ್ದು ಆಗಿಬಿಡುತ್ತದಾ? 41ನೇ ವಿಧಿ ಪ್ರಕಾರ ಅಲ್ಲಿರುವ ಅಧಿಕಾರಿಗಳೂ ಇಲ್ಲಿನ ಕಾನೂನು ಪಾಲಿಸಬೇಕು. ಅವರ ಮೇಲೆ ಕೇಸ್ ಹಾಕುವುದು ಕಷ್ಟ, ನಿಜ. ಅದು ಆ ವ್ಯಕ್ತಿಗಿರುವ ರಕ್ಷಣೆ, ನೆಲಕ್ಕಲ್ಲ.

ಬ್ರಿಟನ್ ಪೊಲೀಸರಿಗೆ ಬೇಕಾಗಿದ್ದ ವಿಕಿಲೀಕ್ಸ್ ಜಾಲತಾಣದ ಸ್ಥಾಪಕ ಜೂಲಿಯನ್ ಅಸಾಂಜ್ 2012ರಲ್ಲಿ ಲಂಡನ್ನಿನ ಈಕ್ವೆಡಾರ್ ರಾಯಭಾರ ಕಚೇರಿ ಸೇರಿಕೊಂಡಾಗ ಪೊಲೀಸರು ಹೊರಗೇ ಕಾದರು. 2019ರ ಏಪ್ರಿಲ್‌ನಲ್ಲಿ ರಾಯಭಾರಿ ಒಳಗೆ ಕರೆದ ಮೇಲೆ ಹೋಗಿ ಹಿಡಿದವರು ಬ್ರಿಟನ್ ಪೊಲೀಸರೇ, ಅದೂ ಬ್ರಿಟನ್ ಕಾನೂನಿನಡಿ.

ಇನ್ನು ಮಗುವಿನ ವಿಷಯ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಅಮೆರಿಕದ ಪೌರತ್ವ ಸಿಗುವುದಿಲ್ಲ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.